ಕ್ಯಾಸೆಟ್ಟಿನಿಂದ ಮದುವೆಗಂಡನ್ನು ತೆಗೆದದ್ದು

ನಮ್ಮ ಪಿರಿಯಾಪಟ್ಟಣದಲ್ಲಿ ಆಗ ಆ ಕೆಲಸಕ್ಕೆ ಎಡಿಟಿಂಗ್ ಎನ್ನುವ ಹೆಸರಿರಲಿಲ್ಲ. ಮಿಕ್ಸಿಂಗ್ ಎನ್ನುತ್ತಿದ್ದರು. ನಮ್ಮ ಯಜಮಾನರು ಕ್ಯಾಮೆರಾ ಹೊತ್ತು ಹುಣಸೂರು, ಕೊಪ್ಪ, ಕೋಟೆ ಕಡೆಯ ಹಳ್ಳಿಗಳನ್ನೆಲ್ಲ ಸುತ್ತಿ ಮದುವೆ ತುಂಬಿಕೊಂಡು ಬರುತ್ತಿದ್ದರು. ಅದನ್ನು ಕಂಪ್ಯೂಟರಿಗೆ ಇಳಿಸಿ, ಕತ್ತರಿಸಿ, ಜೋಡಿಸಿ, ಹಾಡು ಕೂರಿಸಿ ಸೀಡಿ ಮಾಡಿಕೊಡುವುದು ನನ್ನ ಪಾಲಿನ ಕೆಲಸ. ಗೊಬ್ಬರದ ಅಂಗಡಿಯ ಮಹಡಿ ಮೇಲಿನ ಕೋಣೆ. ಕೆಳಗಿನಿಂದ ಯೂರಿಯಾ ವಾಸನೆ, ಎದುರಿಗೆ ಬಸ್ ಸ್ಟ್ಯಾಂಡಿನ ಗಲಾಟೆ. ಕಂಪ್ಯೂಟರಿಗೆ ಸೆಕೆಯಾಗಬಾರದೆಂದು ಫ್ಯಾನು ಅದರ ಕಡೆಗೆ ತಿರುಗಿರುತ್ತಿತ್ತು, ನನ್ನ ಕಡೆಗಲ್ಲ. ಈ ಮಾತನ್ನು ಈಗಲೂ ಯಜಮಾನರ ಮುಂದೆ ಎತ್ತಿ ಆಡುತ್ತೇನೆ, ಬಿಡುವುದಿಲ್ಲ.

ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಟೈಪಿಂಗ್ ಪಾಸಾಗಿದ್ದೆ, ಕೀಲಿಮಣೆ ಕಂಡರೆ ಹೆದರಿಕೆ ಇರಲಿಲ್ಲ, ಅಷ್ಟೇ. ಒತ್ತಿ ನೋಡಿ, ಕೆಡಿಸಿ ನೋಡಿ, ಯಜಮಾನರ ಕೈಲಿ ಬೈಸಿಕೊಂಡು, ತಿರುಗಿ ಬೈದು ಕಲಿತೆ.

ಕತ್ತರಿಸುವುದೇನೂ ಕಷ್ಟವಿರಲಿಲ್ಲ. ಕಷ್ಟ ಇದ್ದದ್ದು ಎರಡು ತುಂಡು ಕೂಡುವ ಜಾಗದಲ್ಲಿ. ಅರಿಶಿಣ ಹಚ್ಚುವುದು ಮುಗಿದು ಬಳೆ ತೊಡಿಸುವುದು ಶುರುವಾಗುವಾಗ ನಡುವೆ ಏನು ಬರಬೇಕು ಎನ್ನುವುದೇ ನಮ್ಮ ಗಿರಾಕಿಗಳ ದೊಡ್ಡ ಚಿಂತೆ. ಒಂದರ ಹಿಂದೆ ಒಂದು ಸುಮ್ಮನೆ ಇಟ್ಟರೆ ಸುತರಾಂ ಒಪ್ಪುತ್ತಿರಲಿಲ್ಲ. "ಬೋಳಾಗ್ ಬುಡ್ಬೇಡಿ ಕಣಕ್ಕ, ಏನಾರ ಆಕಿ" ಎನ್ನುತ್ತಿದ್ದರು. ಹೂವಿಲ್ಲದ ತಲೆ ಬೋಳು, ಕುಂಕುಮವಿಲ್ಲದ ಹಣೆ ಬೋಳು, ಬಳೆಯಿಲ್ಲದ ಕೈ ಬೋಳು. ಮದುವೆ ಸೀಡಿಯಲ್ಲಿ ಅಂಥದ್ದು ಒಂದೂ ಇರಕೂಡದು. ಅದಕ್ಕೇ ಕಂಪ್ಯೂಟರಿನಲ್ಲಿದ್ದ ಎಫೆಕ್ಟುಗಳನ್ನೆಲ್ಲ ಹೊರಗೆ ತೆಗೆಯುತ್ತಿದ್ದೆ. ಹಾಳೆ ಮಗುಚಿದ ಹಾಗೆ ಒಂದು, ಪರದೆ ಸರಿದ ಹಾಗೆ ಒಂದು, ಚಿತ್ರವೇ ಚಕ್ರದಂತೆ ತಿರುಗಿ ಮಾಯವಾಗುವುದೊಂದು. ಎಲ್ಲಕ್ಕಿಂತ ಬೇಡಿಕೆ ಇದ್ದದ್ದು ಗುಲಾಬಿ ಪಕಳೆ ಸುರಿಯುವುದಕ್ಕೆ. ಹೊಗೆಸೊಪ್ಪಿನ ಹರಾಜು ಮುಗಿಸಿಕೊಂಡು ಬಂದವರು ನನ್ನ ಬೆನ್ನ ಹಿಂದೆ ಕುರ್ಚಿ ಎಳೆದುಕೊಂಡು ಕೂತು, ಸೀರೆ ಅಂಗಡಿಯಲ್ಲಿ ಕೂತವರಂತೆ ಆರಿಸುತ್ತಿದ್ದರು.

"ಅಕ್ಕೋ, ಆ ಎದೆ ಬಿಚ್ಕಂಡ್ ಬತ್ತದಲ್ಲ, ಅದ ಆಕಿ."

"ಊಟದ ಪಂಕ್ತೀಗೆ ಯಾಕ್ರೀ ಎದೆ ಬಿಚ್ಚೋದು? ಪಾಯಸದ ಮೇಲೆ ಹಾರ್ಟ್ ಬರ್ಬೇಕಾ?"

"ಇರ್ಲಿ ಬುಡಕ್ಕ, ಚೆಂದಾಗಿರ್ತದೆ. ನಿಮ್ಮ ಕಂಪ್ಯೂಟ್ರೇನ್ ಸವ್ದೋದದಾ?"

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಗೊಣಗಿಕೊಂಡು ಹಾಕುತ್ತಿದ್ದೆ.

ಆ ಪಕಳೆಗಳಿಗೆ ಇನ್ನೊಂದು ಕೆಲಸವೂ ಇತ್ತು. ಮದುವೆಯಲ್ಲಿ ಅಳುವುದಕ್ಕೂ ಒಂದು ಜಾಗ ಅಂತ ಇದೆ. ಹೆಣ್ಣು ಒಪ್ಪಿಸುವಾಗ ಎಷ್ಟು ಬೇಕಾದರೂ ಅಳಲಿ, ದುಃಖದ ಹಾಡು ಹಾಕಿ ಇನ್ನೂ ಉದ್ದ ಮಾಡಿ ಎನ್ನುತ್ತಾರೆ. ಅದಕ್ಕೆ ಮೊದಲು ಕಣ್ಣಲ್ಲಿ ನೀರು ಬಂದರೆ ಅಪಶಕುನ. ಹಾಗೆಯೇ ಗಂಡ ಸತ್ತ ಹೆಂಗಸರು. ಧಾರೆಯ ಹೊತ್ತಿಗೆ ಅವರು ಮುಂದೆ ಬರುವ ಹಾಗಿಲ್ಲ. ಹೆತ್ತ ತಾಯಿಯೇ ಆದರೂ ಕಂಬದ ಮರೆಯಲ್ಲೋ ಅಡಿಗೆಮನೆಯಲ್ಲೋ ನಿಲ್ಲಬೇಕು. ಕ್ಯಾಮೆರಾಕ್ಕೆ ಈ ಶಾಸ್ತ್ರವೆಲ್ಲ ಎಲ್ಲಿ ಗೊತ್ತು, ಎದುರಿಗೆ ಸಿಕ್ಕಿದ್ದನ್ನು ತುಂಬಿಕೊಂಡು ಬರುತ್ತದೆ. ಆಮೇಲೆ ಮನೆಯವರು ಬಂದು ದನಿ ತಗ್ಗಿಸಿ ಹೇಳುವರು: "ಅಲ್ಲೊಂಚೂರು ನಮ್ಮತ್ತೆ ಕಾಣ್ತದೆ, ಕಾಣ್ದಂಗೆ ಮಾಡ್ಬುಡಿ." ಕತ್ತರಿಸಿ ಎಸೆದರೆ ಗಟ್ಟಿಮೇಳ ಅರ್ಧಕ್ಕೆ ತುಂಡಾಗುತ್ತದೆ. ಹಾಗಾಗಿ ಅಲ್ಲಿ ಪಕಳೆ ಸುರಿಸುತ್ತಿದ್ದೆ, ಮುಖ ಮುಚ್ಚುವಷ್ಟು ದಟ್ಟವಾಗಿ. ನನ್ನ ಮದುವೆಯಲ್ಲೂ ನಮ್ಮವ್ವ ಅಡಿಗೆಮನೆಯಲ್ಲೇ ಇದ್ದದ್ದು. ಈ ಶಾಸ್ತ್ರ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಉರಿದರೇನು, ಹೇಳಿದ ಕೆಲಸ ಮಾಡದಿದ್ದರೆ ಸೀಡಿ ಹುಣಸೂರಿನ ಸ್ಟುಡಿಯೋಕ್ಕೆ ಹೋಗುತ್ತಿತ್ತು.

ಒಂದು ಬೇಸಿಗೆಯ ಮಧ್ಯಾಹ್ನ ಮೆಟ್ಟಿಲು ಹತ್ತಿ ಒಬ್ಬ ಹೆಂಗಸು, ಆಕೆಯ ಹಿಂದೆ ಒಬ್ಬ ಗಂಡಸು ಬಂದರು. ಆಕೆಗೆ ನಲವತ್ತು ದಾಟಿರಬಹುದು. ಬರಿಗೈ, ಬರಿಹಣೆ. ಗಂಡಸು ಆಕೆಯ ತಮ್ಮ, ಬಿಳಿ ಪಂಚೆ, ಜೇಬಿನಲ್ಲಿ ಪೆನ್ನು, ಊರಲ್ಲಿ ನಾಲ್ಕು ಜನ ಮಾತು ಕೇಳುವ ಕುಳ ಎಂದು ನೋಡಿದರೇ ಗೊತ್ತಾಗುತ್ತಿತ್ತು. ಕೋಟೆ ರಸ್ತೆಯ ಮಳೆ ನಂಬಿದ ಹಳ್ಳಿಯವರು. ಹಿಂದಿನ ವರ್ಷ ಆಕೆಯ ಮಗಳ ಮದುವೆಗೆ ನಾವೇ ವಿಡಿಯೋ ಮಾಡಿದ್ದೆವಂತೆ.

"ಆ ಸೀಡೀಲಿ ಅವನ್ನ ತೆಗೆದ್ಬುಡಿ ಕಣವ್ವ" ಎಂದಳು ಆಕೆ.

"ಯಾರನ್ನ?"

"ಗಂಡನ್ನ" ಎಂದ ತಮ್ಮ. "ಮದ್ವೆಗಂಡನ್ನ."

ನನ್ನ ಬಾಯಿ ಯಾವತ್ತೂ ನನಗಿಂತ ಮುಂದೆ. "ಮದುವೆ ಸೀಡೀಲಿ ಗಂಡನ್ನ ತೆಗೆದ್ರೆ ಏನ್ರೀ ಉಳಿಯುತ್ತೆ, ಊಟದ ಎಲೆಯಾ?" ಎಂದುಬಿಟ್ಟೆ.

ಆಕೆ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. ತಮ್ಮನೇ ಹೇಳಿದ. ಹುಡುಗಿ ತೀರಿಹೋಗಿದ್ದಳು. ಅವಳನ್ನು ಕೆ.ಆರ್. ನಗರದ ನೀರಾವರಿ ಸೀಮೆಗೆ ಕೊಟ್ಟಿದ್ದರು. ಮಳೆ ನಂಬಿದ ಊರಿನವರಿಗೆ ನಾಲೆ ಬಯಲಿನ ಸಂಬಂಧ ಸಿಕ್ಕಿತೆಂದರೆ ದೇವರು ವರ ಕೊಟ್ಟ ಹಾಗೆ. ಮಗಳು ಮೂರು ಹೊತ್ತು ಅನ್ನ ಉಣ್ಣುತ್ತಾಳೆ ಎಂದು ಹಿಂದೆ ಮುಂದೆ ನೋಡದೆ ಕೊಡುತ್ತಾರೆ. ಬಟ್ಟೆ ಒಗೆಯಲು ಹೋದವಳು ನಾಲೆಗೆ ಜಾರಿದಳು ಎಂದು ಹೇಳಿ ಕಳಿಸಿದರಂತೆ. ಇವರು ಹೋಗಿ ನೋಡಿದರೆ ನಾಲೆಗೆ ನೀರು ಬಿಟ್ಟೇ ಇಲ್ಲ, ತಳದಲ್ಲಿ ಮಂಡಿಯುದ್ದ ನಿಂತಿದೆ. ಎರಡೂ ಕಡೆಯ ಹಿರಿಯರು ಅರಳಿಕಟ್ಟೆಯಲ್ಲಿ ಕೂತು ರಾಜಿ ಮಾಡಿದರು. ಹೋದವಳು ಹೋದಳು, ಕೇಸು ಗೀಸು ಅಂತ ಅಲೆಯುವವರು ಯಾರು ಎಂದು. ರಾಜಿಯಲ್ಲಿ ಹುಡುಗಿಯ ಕಡೆಯಿಂದ ಕೂತವನು ಈ ತಮ್ಮನೇ.

ನಾಲಿಗೆ ಕಚ್ಚಿಕೊಂಡೆ. ನೀರು ಕೊಟ್ಟೆ. ಆಕೆ ಕುಡಿಯಲಿಲ್ಲ.

"ಒಂದು ಪೋಟೋ ಇಲ್ಲ ಕಣವ್ವ ಮನೇಲಿ. ಆಲ್ಬಮ್ಮು ಅವರ ಮನೆಗೇ ಓಯ್ತು, ಕೇಳುದ್ರೆ ಕೊಡಲ್ಲ. ಈ ಸೀಡಿ ಬುಟ್ರೆ ನನ್ ಕೂಸಿನ ಮಖ ಇನ್ನೆಲ್ಲೂ ಇಲ್ಲ. ಅದ್ರಲ್ಲಿ ಅವಳ ಪಕ್ಕದಲ್ಲೇ ಅವನು. ಟೀವಿ ಮೇಲೆ ಟವಲ್ ಇಳಿಬುಟ್ಟು ಅವನ ಕಡೆ ಮುಚ್ಕೊಂಡು ನೋಡ್ತೀನಿ. ನೋಡ್ತಾ ನೋಡ್ತಾ ಅವನು ಈ ಕಡೀಗೆ ಬಂದ್ಬುಡ್ತಾನೆ. ಟವಲ್ಲ ಈ ಕಡೀಕ್ ಎಳೀತೀನಿ, ಕೂಸು ಆ ಕಡೀಗ್ ಓಯ್ತದೆ."

ಸೋಮವಾರ ಬನ್ನಿ ಎಂದೆ.

ಕೊಟ್ಟ ಸೀಡಿಯಿಂದ ಕೆಲಸವಾಗುತ್ತಿರಲಿಲ್ಲ. ಅದರಲ್ಲಿ ಎಫೆಕ್ಟುಗಳೆಲ್ಲ ಚಿತ್ರದೊಳಗೆ ಬೆರೆತುಹೋಗಿರುತ್ತವೆ, ಸಾರಿಗೆ ಬಿದ್ದ ಉಪ್ಪನ್ನು ತಿರುಗಿ ತೆಗೆಯಲು ಆಗುತ್ತದೆಯೇ. ಮೊದಲು ತುಂಬಿದ ಕ್ಯಾಸೆಟ್ಟೇ ಬೇಕು. ಸಾಮಾನ್ಯವಾಗಿ ಅದರ ಮೇಲೆಯೇ ಮುಂದಿನ ಮದುವೆ ತುಂಬಿಬಿಡುತ್ತಿದ್ದೆವು. ಈ ಕ್ಯಾಸೆಟ್ಟು ಮಾತ್ರ ಕೊನೆಯಲ್ಲಿ ಕ್ಯಾಮೆರಾಕ್ಕೆ ಸಿಕ್ಕಿ ಸುಕ್ಕಾಗಿದ್ದರಿಂದ ಯಜಮಾನರು ಮೂಲೆಯ ಡಬ್ಬಕ್ಕೆ ಎಸೆದಿದ್ದರು. ಅವರ ಸೋಮಾರಿತನಕ್ಕೆ ನಾನು ಕೈ ಮುಗಿದದ್ದು ಅದೊಂದೇ ಸಲ.

ಕೂತು ನೋಡಿದೆ. ಗಂಡು ಇರುವ ಕಡೆಯೆಲ್ಲ ಕತ್ತರಿಸಿದೆ. ಮದುವೆಯೆಂಬ ಮದುವೆಯೇ ಹೋಯಿತು. ಧಾರೆ ಇಲ್ಲ, ತಾಳಿ ಇಲ್ಲ, ಆರತಕ್ಷತೆ ಇಲ್ಲ. ಉಳಿದದ್ದು ಹಿಂದಿನ ದಿನ ಮನೆಯ ಚಪ್ಪರದಲ್ಲಿ ಅರಿಶಿಣ ಹಚ್ಚಿದ್ದು, ಬಳೆ ತೊಡಿಸಿದ್ದು, ಮುಹೂರ್ತಕ್ಕೆ ಅವಳನ್ನು ಕೈಹಿಡಿದು ಕರೆತಂದದ್ದು, ಗಂಡಿಗೂ ಅವಳಿಗೂ ನಡುವೆ ಅಡ್ಡ ಬಟ್ಟೆ ಹಿಡಿದಾಗ ಈಚೆ ಕಡೆ ಒಬ್ಬಳೇ ನಿಂತದ್ದು. ಗುಂಡು ಮುಖದ, ಹಲ್ಲು ಸ್ವಲ್ಪ ಮುಂದಿದ್ದ ಹುಡುಗಿ. ಬಳೆಗಾರ್ತಿ ಕೈ ಹಿಂಡಿದಾಗ "ಅಯ್ಯಮ್ಮಾ" ಎಂದು ಕಿರುಚಿ ನಗುತ್ತಾಳೆ.

ತುಂಡು ತುಂಡಾಗಿದ್ದನ್ನು ಹಾಗೇ ಜೋಡಿಸಿದರೆ ಅವಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಧಡಕ್ಕನೆ ಹಾರುತ್ತಿದ್ದಳು. ಪಕಳೆ, ಹಾರ್ಟು ಹಾಕುವುದಕ್ಕಂತೂ ಮನಸ್ಸು ಬರಲಿಲ್ಲ. ಹಾಗಾಗಿ ಎಲ್ಲ ಕಡೆ ಡಿಸಾಲ್ವ್ ಹಾಕಿದೆ. ಒಂದು ಚಿತ್ರ ಕರಗುತ್ತಾ ಹೋದಂತೆ ಅದರೊಳಗಿಂದ ಇನ್ನೊಂದು ಮೂಡುವುದು. ನಯವಾಗಿರುತ್ತದೆ, ಕಣ್ಣಿಗೆ ನೋಯುವುದಿಲ್ಲ.

ಸೋಮವಾರ ಇಬ್ಬರೂ ಬಂದು ಕೂತರು. ಹಾಕಿದೆ. ಅರಿಶಿಣ ಬಂತು. ಮಗಳ ಮುಖ ಕಂಡದ್ದೇ ಆಕೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಬಳೆ ಬಂತು. ಕಲ್ಯಾಣ ಮಂಟಪ ಬಂತು. ಇದ್ದಕ್ಕಿದ್ದಂತೆ "ಅಯ್ಯೋ, ಬಂದ! ಬಂದ್ನಲ್ಲವ್ವೋ!" ಎಂದು ಎದ್ದು ನಿಂತುಬಿಟ್ಟಳು, ಕುರ್ಚಿ ಹಿಂದಕ್ಕೆ ಬಿತ್ತು.

ಹಿಂದಕ್ಕೆ ತಿರುಗಿಸಿ ನಿಲ್ಲಿಸಿ ನೋಡಿದೆ. ಬಂದಿದ್ದ. ಹುಡುಗಿಯ ಕೆನ್ನೆಯ ಮೇಲೆ, ತೆಳ್ಳಗೆ, ಹೊಗೆಯಂತೆ, ಪೇಟ ಬಾಸಿಂಗ ಸಮೇತ ಅವನ ಮುಖ. ಅರೆಕ್ಷಣ ಇದ್ದು ಹೋಗುತ್ತಿದ್ದ. ಡಿಸಾಲ್ವ್ ಹಾಕಿದ ಇನ್ನೂ ಎರಡು ಕಡೆ ಇದ್ದ.

ಆಮೇಲೆ ಹೊಳೆಯಿತು. ಕರಗುವುದಕ್ಕೆ ಮೂಡುವುದಕ್ಕೆ ತುಂಡಿನ ಅಂಚಿನಾಚೆ ಇನ್ನಷ್ಟು ಚಿತ್ರ ಬೇಕಾಗುತ್ತದೆ. ನಾವು ಕತ್ತರಿಸಿ ಎಸೆದೆವು ಎಂದುಕೊಂಡದ್ದು ಎಲ್ಲೂ ಹೋಗಿರುವುದಿಲ್ಲ, ಸೀರೆಯ ಒಳಮಡಿಕೆಯಂತೆ ಅಂಚಿನ ಹಿಂದೆಯೇ ಇರುತ್ತದೆ. ಡಿಸಾಲ್ವ್ ಹಾಕಿದ ಕೂಡಲೇ ಕಂಪ್ಯೂಟರು ಆ ಮಡಿಕೆಯನ್ನು ಬಿಚ್ಚಿ ತೆಗೆದುಕೊಳ್ಳುತ್ತದೆ. ಹುಡುಗಿಯ ಮುಂದೆಯೂ ಹಿಂದೆಯೂ ಅವನೇ ಇದ್ದದ್ದರಿಂದ ಮಡಿಕೆಯಲ್ಲೂ ಅವನೇ.

ಆಕೆಗೆ ಇದನ್ನು ನನಗೆ ತಿಳಿದಂತೆ ಹೇಳಿದೆ. ಅವನು ಬರದ ಹಾಗೆ ಮಾಡಬೇಕಾದರೆ ಅಂಚನ್ನು ಒಳಕ್ಕೆ ಎಳೆದುಕೊಳ್ಳಬೇಕು, ಎರಡೂ ಕಡೆಯಿಂದ. ಎಳೆದು ತೋರಿಸಿದೆ. ಅವನು ಹೋದ. ಆಕೆ ನೋಡಿ, "ಬಳೆ ತೊಡ್ಸುವಾಗ ನಗ್ತಿದ್ಳಲ್ಲ, ಆ ನಗು ಎಲ್ಲೋಯ್ತು?" ಎಂದಳು.

ನಗು ಆ ತುಂಡಿನ ಕೊನೆಯಲ್ಲಿತ್ತು. ಅಲ್ಲೂ ಡಿಸಾಲ್ವ್ ಇತ್ತು. ಮುಂದಿನ ಚಿತ್ರ ಅದರ ಮೇಲೆ ಮೂಡಿ ನಗುವನ್ನು ತಿಂದುಹಾಕಿತ್ತು.

"ನಯವಾಗಿ ಜೋಡಿಸಬೇಕು ಅಂದ್ರೆ ಪ್ರತಿ ಜೋಡಣೇಲೂ ಒಂಚೂರು ನಿಮ್ಮ ಮಗಳು ಹೋಗ್ತಾಳೆ ಕಣಕ್ಕ. ಪೂರ್ತಿ ಇರಬೇಕು ಅಂದ್ರೆ ಏನೂ ಹಾಕೋ ಹಾಗಿಲ್ಲ. ಬೋಳು ಬೋಳಾಗಿ ಕಾಣುತ್ತೆ."

"ಬೋಳಾಗ್ದೆ ಇನ್ನೇನವ್ವ ಉಳ್ದಿರೋದು" ಎಂದಳು. "ಬೋಳಾಗೇ ಇರ್ಲಿ. ಒಂದು ಚೂರೂ ಓಗ್ಬಾರ್ದು."

ಹಾಕಿದ್ದನ್ನೆಲ್ಲ ತೆಗೆದೆ. ಮೊದಲಿಂದ ಮತ್ತೆ ಹಾಕಿದೆ. ಈಗ ಹುಡುಗಿ ಒಂದು ಕಡೆಯಿಂದ ಒಂದು ಕಡೆಗೆ ಹಾರಿದರೂ ಆಕೆಗೆ ಅದೇನೂ ಲೆಕ್ಕಕ್ಕೆ ಬರಲಿಲ್ಲ. ಆದರೆ ಗಂಡು ಹೋದ ಮೇಲೆ ಇನ್ನೊಂದು ಎದ್ದು ಕಾಣತೊಡಗಿತು. ಮಂಟಪದಲ್ಲಿ ಹುಡುಗಿ ಇರುವ ಕಡೆಯೆಲ್ಲ ಅವಳ ರಟ್ಟೆಯ ಮೇಲೆ ಒಂದು ಕೈ. ವಾಚು ಕಟ್ಟಿದ ಕೈ. ಮುಹೂರ್ತಕ್ಕೆ ಹೆಣ್ಣನ್ನು ಕರೆತರುವುದು ಸೋದರಮಾವನ ಹಕ್ಕು. ಅಪ್ಪ ಇಲ್ಲದ ಹುಡುಗಿಯಾದ್ದರಿಂದ ಧಾರೆ ಎರೆದವರೂ ಈ ಮಾವ ಮತ್ತು ಅವನ ಹೆಂಡತಿಯೇ. ಸಂಬಂಧ ತಂದವನೂ ಅವನೇ ಎಂದು ಆಮೇಲೆ ಗೊತ್ತಾಯಿತು. ಆಕೆ ಪರದೆಯನ್ನು ನೋಡಿದಳು, ಪಕ್ಕದಲ್ಲಿ ಮೊಣಕಾಲ ಮೇಲಿದ್ದ ತಮ್ಮನ ಕೈಯನ್ನು ನೋಡಿದಳು. ಅದೇ ವಾಚು.

ಅಷ್ಟರಲ್ಲಿ ಕಂಬದ ಹತ್ತಿರದ ತುಂಡು ಬಂತು.

ಇದು ಹಳೆಯ ಸೀಡಿಯಲ್ಲಿ ಇರಲಿಲ್ಲ. ಇತ್ತು, ಆದರೆ ಅದರ ಮೇಲೆ ಪಕಳೆ ಸುರಿದಿತ್ತು. ಸುರಿಸಿದವಳು ನಾನೇ, ಹೇಳಿಸಿದವನು ಸೋದರಮಾವ. ಈಗ ಮೂಲ ಕ್ಯಾಸೆಟ್ಟಿನದು ಹಾಗೇ ತೆರೆದು ಬಂತು. ಮಾವ ಹುಡುಗಿಯನ್ನು ಕರೆತರುತ್ತಿದ್ದಾನೆ. ಯಾರೋ ಅವನನ್ನು ಮಾತಾಡಿಸುತ್ತಾರೆ, ಅವನು ಕೈ ಬಿಟ್ಟು ಆ ಕಡೆ ತಿರುಗುತ್ತಾನೆ. ಹುಡುಗಿ ಸರಕ್ಕನೆ ಪಕ್ಕಕ್ಕೆ ಸರಿದು ಕಂಬದ ಹತ್ತಿರ ಹೋಗುತ್ತಾಳೆ. ಕಂಬದ ಮರೆಯಲ್ಲಿ ತಾಯಿ. ಹುಡುಗಿ ಏನೋ ಹೇಳುತ್ತಾಳೆ. ತಾಯಿ ಗಾಬರಿಯಿಂದ ಅತ್ತ ಇತ್ತ ನೋಡಿ, ಬೇಡ ಬೇಡ ಎಂದು ತಲೆಯಾಡಿಸಿ, ಮಗಳ ಕೆನ್ನೆಗೆ ಕೈಯಿಟ್ಟು ಮುಖವನ್ನು ಮಂಟಪದ ಕಡೆಗೆ ತಿರುಗಿಸಿ, ತಾನು ಕಂಬದ ಹಿಂದಕ್ಕೆ ಸೇರಿಕೊಳ್ಳುತ್ತಾಳೆ. ಕೈ ಮಾತ್ರ ಕೆನ್ನೆಯನ್ನು ತಳ್ಳಿ ಹಿಡಿದೇ ಇದೆ. ಮಂಟಪದ ಕಡೆ ಅಂದರೆ ಕ್ಯಾಮೆರಾದ ಕಡೆ. ಹುಡುಗಿಯ ತುಟಿ ಇನ್ನೂ ಆಡುತ್ತಿದೆ. ನಮ್ಮನ್ನೇ ನೋಡಿಕೊಂಡು ಆಡುತ್ತಿದೆ. ಆಮೇಲೆ ಮುಚ್ಚುತ್ತದೆ, ವಾಚಿನ ಕೈ ಬಂದು ಅವಳ ರಟ್ಟೆ ಹಿಡಿಯುತ್ತದೆ.

"ಅದು ಬೇಡ" ಎಂದ ತಮ್ಮ. "ಮೇಡಮ್ಮೋರೆ, ಅದೊಂದ ತೆಗೆದಾಕ್ಬುಡಿ. ಮೂರ್ತದ ಗಂಟೇಲಿ ಅಕ್ಕ ಮುಂದಕ್ ಬಂದಿರೋದ ಯಾಕೆ ತೋರ್ಸದು? ನಾಳೆ ನೆಂಟ್ರು ಇಷ್ಟ್ರು ನೋಡ್ತಾರೆ."

"ನಾನು ಬರ್ನಿಲ್ಲ. ಅವಳು ಬಂದ್ಲು" ಎಂದಳು ಆಕೆ. ಪರದೆಯಿಂದ ಕಣ್ಣು ಕೀಳಲಿಲ್ಲ.

"ಆಯ್ತು ಕಣಕ್ಕ, ಎಣ್ಮಕ್ಳು ಆ ಗಳ್ಗೇಲಿ ಎದ್ರುಕೊಂಡು ಏನಾರ ಒದರ್ತವೆ. ಅದನ್ನೆಲ್ಲ ಮನ್ಸಿಗೆ ಅಚ್ಕೊಂಡ್ ಕೂತ್ಕತರಾ?"

"ಏನಂದ್ಲು ಅಂತ ಗೊತ್ತೇನ್ಲಾ ನಿಂಗೆ?"

ಅವನು ವಾಚಿನ ಪಟ್ಟಿಯನ್ನು ಸರಿಮಾಡಿಕೊಳ್ಳತೊಡಗಿದ.

"ನಂಗೂ ಗೊತ್ತಿಲ್ಲ. 'ಅವ್ವಾ, ನಿನ್ನೆ ಸಂಜೆ ಅವ್ರು' ಅಂದ್ಲು. ಅಷ್ಟೇ ಕೇಳಿದ್ದು. ಗಂಡಿನ ಕಡೆಯೋರು ಯಾರಾರ ನೋಡ್ಬುಟ್ಟಾರು, ಮುಂಡೆ ಮುಟ್ಬುಟ್ಲು ಅಂದ್ಕಂಡಾರು, ನನ್ ಕೂಸಿಗೆ ಕೆಟ್ಟದಾದಾತು ಅಂತ ನಾನೇ ಮಖ ತಿರುಗಿಸ್ಬುಟ್ಟೆ." ಇಷ್ಟು ಹೇಳಿ ನನ್ನ ಕಡೆಗೆ ತಿರುಗಿದಳು. "ಇವನ್ನೂ ತೆಗೀರವ್ವ."

"ಯಾರನ್ನ?" ಎಂದೆ, ಗೊತ್ತಿದ್ದರೂ.

"ಇವನ್ನ. ನನ್ ತಮ್ಮನ್ನ. ಅವನ ಕೈ ಇರೋದೆಲ್ಲಾನೂ ತೆಗೀರಿ."

ತಮ್ಮ ಎದ್ದು ನಿಂತ. ಮುಖ ಕೆಂಪಗಾಗಿತ್ತು. "ಅಪ್ಪ ಇಲ್ದ ಮಗೀಗೆ ನಿಂತು ಮದ್ವೆ ಮಾಡ್ದೋನು ನಾನು. ಊರೋರೆಲ್ಲ ಕಂಡವ್ರೆ. ಉಪ್ಕಾರ ಮಾಡ್ದೋನ್ಗೆ ಇದೇನಕ್ಕ ನೀನ್ ಕೊಡೋದು?"

"ನೀನೇ ಮಾಡ್ದೆ ಕಣಪ್ಪ. ಮದ್ವೇನೂ ನೀನೇ ಮಾಡ್ದೆ, ರಾಜೀನೂ ನೀನೇ ಮಾಡ್ದೆ."

ಅವನು ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದ. ಕಿಟಕಿಯಿಂದ ನೋಡಿದೆ. ಗೊಬ್ಬರದ ಅಂಗಡಿಯ ಮುಂದೆ ನಿಂತು ಬೀಡಿ ಹಚ್ಚಲು ನೋಡುತ್ತಿದ್ದ, ಕಡ್ಡಿ ಹತ್ತುತ್ತಿರಲಿಲ್ಲ. ಅವನ ಮೇಲೆ ನನಗೆ ಎಳ್ಳಷ್ಟೂ ಮರುಕ ಹುಟ್ಟಲಿಲ್ಲ. ಈಗ ನೆನೆದರೆ ಒಂಚೂರು ಹುಟ್ಟುತ್ತದೆ. ಅವನೂ ಮೂರು ಹೊತ್ತಿನ ಅನ್ನವನ್ನೇ ನೋಡಿದ್ದು.

ನಾವಿಬ್ಬರೇ ಉಳಿದೆವು. ಆಕೆ ಕೇಳಿದಳು, "ಅವಳು ಏನಂದ್ಲು ಅಂತ ಇದ್ರಲ್ಲಿ ಕೇಳುಸ್ಬೋದಾ?"

ಕ್ಯಾಸೆಟ್ಟಿನಲ್ಲಿ ಆ ಹೊತ್ತಿಗೆ ವಾಲಗದವರು ಊದಲು ಶುರುಮಾಡಿದ್ದರು. ಕ್ಯಾಮೆರಾದ ಪಕ್ಕದಲ್ಲೇ ಡೋಲು. ಶಬ್ದ ಏರಿಸಿದರೆ ಡೋಲು ಏರುತ್ತಿತ್ತು, ಇಳಿಸಿದರೆ ಎಲ್ಲವೂ ಇಳಿಯುತ್ತಿತ್ತು. ನನಗೆ ತಿಳಿದ ಗುಂಡಿಯನ್ನೆಲ್ಲ ಒತ್ತಿದೆ. ಹೆಣ್ಣಿನ ದನಿಯೊಂದನ್ನೇ ಬೇರೆ ಮಾಡುವ ವಿದ್ಯೆ ನಮ್ಮ ಆ ಡಬ್ಬ ಕಂಪ್ಯೂಟರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಕೊನೆಗೆ ಶಬ್ದ ಪೂರ್ತಿ ತೆಗೆದು, ಚಿತ್ರವನ್ನು ಬಹಳ ನಿಧಾನ ಮಾಡಿ ಬಿಟ್ಟೆ. ಮುಖ ತಿರುಗುತ್ತದೆ. ತುಟಿ ತೆರೆಯುತ್ತದೆ, ಸೇರುತ್ತದೆ, ಉರುಟಾಗುತ್ತದೆ, ಮತ್ತೆ ಸೇರುತ್ತದೆ.

ಪಕ್ಕಕ್ಕೆ ನೋಡಿದರೆ ಆಕೆ ಮಗಳ ತುಟಿ ಆಡಿದಂತೆಯೇ ತನ್ನ ತುಟಿಯನ್ನು ಆಡಿಸುತ್ತಿದ್ದಳು. ಆ ತುಟಿ ತೆರೆದಾಗ ತೆರೆದು, ಸೇರಿದಾಗ ಸೇರಿಸಿ, ತನ್ನ ಬಾಯಿಗೆ ಯಾವ ಮಾತು ಬರುತ್ತದೆ ಎಂದು ನೋಡುತ್ತಿದ್ದಳು. ಮತ್ತೆ ಹಾಕು ಎಂದು ಕೈಸನ್ನೆ ಮಾಡುವಳು. ಮತ್ತೆ ಹಾಕುವೆ. "ಒಡೆದ್ರು" ಅಂದ್ಲೇನೋ ಎಂದಳು ಒಂದು ಸಲ. ಇನ್ನೊಂದು ಸಲ "ಬೇಡ" ಇರಬೇಕು ಎಂದಳು. ಆಮೇಲೆ, "ಕುಡ್ದಿದ್ರು ಅಂದ್ಲಾ?" ಎಂದು ನನ್ನನ್ನೇ ಕೇಳಿದಳು. ನನಗೂ ಎಲ್ಲವೂ ಹಾಗೆಯೇ ಕಾಣುತ್ತಿತ್ತು. ಯಾವ ಮಾತನ್ನು ಇಟ್ಟರೂ ಆ ತುಟಿಗೆ ಹೊಂದುತ್ತಿತ್ತು. ನನಗೆ ಅಳು ತಡೆಯಲಾಗಲಿಲ್ಲ, ಎದ್ದು ಹೋಗಿ ಬಾಗಿಲ ಹೊರಗೆ ನಿಂತು ಮುಖ ಒರೆಸಿಕೊಂಡು ಬಂದೆ. ಆಕೆ ಅಳುತ್ತಿರಲಿಲ್ಲ.

"ನನ್ನೂ ತೆಗೆದ್ಬುಡವ್ವ" ಎಂದಳು.

"ಏನಕ್ಕ ಹಂಗಂದ್ರೆ?"

"ನಾನಿರಬಾರ್ದು ಅಲ್ಲಿ. ಶುಭದ ಜಾಗ. ಅವಳೊಬ್ಬಳೇ ಇರ್ಲಿ."

ನನಗೆ ರೇಗಿಹೋಯಿತು. "ಇನ್ನೆಂಥ ಶುಭಾನಕ್ಕ! ಶುಭ ಅಂತ ಕಂಬದ ಹಿಂದೆ ನಿಲ್ಲಿಸಿ ಏನಾಯ್ತು ಅಂತ ನೋಡಿದ್ರಲ್ಲ. ಆ ಮಂಟಪದಲ್ಲಿ ಅವಳಿಗೆ ಹೋಗಿ ಹೇಳ್ಕೊಳ್ಳೋಣ ಅನ್ನಿಸಿದ್ದು ನಿಮ್ಮೊಬ್ಬರ ಹತ್ರ" ಎಂದು ಕೂಗಾಡಿಬಿಟ್ಟೆ. ಕೂಗಾಡಿದ್ದು ಆಕೆಯ ಮೇಲೋ ಮತ್ಯಾರ ಮೇಲೋ ನನಗೇ ತಿಳಿಯದು. "ಅದಲ್ಲ ಕಣವ್ವ. ಅವಳು ಏಳ್ತಾ ಅವಳೆ, ನಾನು ತಲೆ ಆಡುಸ್ತಾ ಇವ್ನಿ. ಅದ ನೋಡಕ್ಕಾಗಲ್ಲ ನಂಗೆ" ಎಂದಳು.

ಚಿತ್ರವನ್ನು ಹಿಗ್ಗಿಸಿದೆ. ತಾಯಿಯ ಮುಖವನ್ನು ಅಂಚಿನಾಚೆ ತಳ್ಳಿ, ಮಗಳ ಮುಖವನ್ನು ನಡುವೆ ತಂದೆ. ಹಿಗ್ಗಿಸಿದಷ್ಟೂ ಮುಖ ಚೌಕ ಚೌಕವಾಗಿ ಒಡೆಯುತ್ತಿತ್ತು, ಆದರೂ ಅವಳು ಅವಳೇ. ಕಂಬ ಹೋಯಿತು, ತಾಯಿಯ ಸೆರಗು ಹೋಯಿತು, ಆಡುವ ತಲೆ ಹೋಯಿತು. ಕೆನ್ನೆಯ ಮೇಲಿನ ಕೈ ಹೋಗಲಿಲ್ಲ. ಮುಖದ ಮೇಲೆಯೇ ಇದ್ದ ಕೈಯನ್ನು ಮುಖ ಬಿಟ್ಟು ತೆಗೆಯುವುದು ಹೇಗೆ. ಬಿಸಿಲಿಗೆ ಕಪ್ಪಿಟ್ಟ, ಬಳೆಯಿಲ್ಲದ ಕೈ.

"ಇದು ಬರುತ್ತೆ ಕಣಕ್ಕ, ತೆಗೆಯೋಕಾಗಲ್ಲ" ಎಂದೆ. "ಕೈ ಬೇಡ ಅಂದ್ರೆ ಅದು ಬರೋದಕ್ಕೆ ಮುಂಚೆ ಕತ್ತರಿಸ್ಬೇಕು. ಆಗ ಅವಳ ಮಾತು ಅರ್ಧಕ್ಕೆ ನಿಲ್ಲುತ್ತೆ."

ಎರಡನ್ನೂ ಮಾಡಿ ತೋರಿಸಿದೆ. ಮೊದಲನೆಯದರಲ್ಲಿ ಹುಡುಗಿ ಒಬ್ಬಳೇ, ಮುಖ ಸ್ವಚ್ಛ. ಬಾಯಿ ತೆರೆಯುತ್ತಾಳೆ, ಅಷ್ಟಕ್ಕೆ ಮುಗಿಯುತ್ತದೆ. ಎರಡನೆಯದರಲ್ಲಿ ಕೈ ಬರುತ್ತದೆ, ಕೆನ್ನೆಯನ್ನು ಒತ್ತಿ ತಿರುಗಿಸುತ್ತದೆ, ಅವಳು ಆ ಕೈಯನ್ನು ಕೆನ್ನೆಯ ಮೇಲೆ ಇಟ್ಟುಕೊಂಡೇ ನಮ್ಮ ಕಡೆ ನೋಡಿ ಹೇಳುವುದನ್ನೆಲ್ಲ ಹೇಳುತ್ತಾಳೆ.

ಆಕೆ ತನ್ನ ಬಲಗೈಯನ್ನು ಮಡಿಲಿನಿಂದ ಎತ್ತಿ ಒಂದು ಸಲ ನೋಡಿಕೊಂಡಳು.

"ಕೈ ಇರ್ಲಿ ಬುಡವ್ವ" ಎಂದಳು. "ಅವತ್ತಂತೂ ನಾನು ಆಡಕ್ಕೆ ಬುಡ್ನಿಲ್ಲ. ಪೂರ್ತಿ ಆಡ್ಲಿ."

ಮಾತು ಮುಗಿದು ಅವಳ ತುಟಿ ತಾನಾಗಿ ಮುಚ್ಚುವವರೆಗೂ ಬಿಟ್ಟೆ. ಅದಾದ ಮೇಲೆ ರಟ್ಟೆಗೆ ಮಾವನ ಕೈ ಬರುತ್ತದೆ. ಅದು ಬರುವುದಕ್ಕೆ ಮುಂಚೆ, ಅಲ್ಲಿಗೆ, ಕತ್ತರಿಸಿದೆ.